ಚಾವಿ ಯಾವ ಬದಿಗಿದೆ, ವಾಚು ಯಾವ ಕೈಗೆ?

ವಾಚನ್ನು ಎಡಗೈಗೇ ಯಾಕೆ ಕಟ್ಟಬೇಕು ಎಂದು ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಾಲ್ಕು ಜನರನ್ನು ಕೇಳಿ ನೋಡಿ. ಒಬ್ಬರು ಹೃದಯ ಇರುವುದು ಎಡಗಡೆ, ಅದಕ್ಕೇ ಎನ್ನುತ್ತಾರೆ. ಇನ್ನೊಬ್ಬರು ಗಂಡಸರಿಗೆ ಎಡಗೈ, ಹೆಂಗಸರಿಗೆ ಬಲಗೈ ಎಂದು ಶಾಸ್ತ್ರ ಹೇಳುತ್ತಾರೆ. ಮೂರನೆಯವರ ಶಾಸ್ತ್ರ ಇದಕ್ಕೆ ಪೂರ್ತಿ ಉಲ್ಟಾ. ನಾಲ್ಕನೆಯವರು “ಎಲ್ಲರೂ ಕಟ್ತಾರೆ, ನಾನೂ ಕಟ್ಟಿದೆ” ಎಂದು ಮಾತು ಮುಗಿಸುತ್ತಾರೆ. ನನಗಂತೂ ಈ ನಾಲ್ಕನೆಯವರೇ ಪ್ರಾಮಾಣಿಕರು ಅನ್ನಿಸುತ್ತದೆ. ಆದರೆ ಎಲ್ಲರೂ ಹಾಗೇ ಕಟ್ಟುವುದಕ್ಕೆ ಒಂದು ಕಾರಣವೂ ಇದೆ. ಅದನ್ನು ಹುಡುಕಲು ಪುರಾಣ ತೆಗೆಯಬೇಕಿಲ್ಲ, ವಾಚಿನ ಪಕ್ಕೆ ನೋಡಿದರೆ ಸಾಕು.

ಮುಳ್ಳಿನ ವಾಚೊಂದನ್ನು ಕೈಗೆ ತೆಗೆದುಕೊಳ್ಳಿ. ಚಾವಿ ಕೊಡುವ ಸಣ್ಣ ತಿರುಪು 3ರ ಅಂಕಿಯ ಪಕ್ಕದಲ್ಲಿರುತ್ತದೆ. ವಾಚನ್ನು ಎಡಗೈಗೆ ಕಟ್ಟಿ, ಹೊತ್ತು ನೋಡುವಾಗ ಹಿಡಿಯುವ ಹಾಗೆ ಕೈಯನ್ನು ಎದೆಗೆ ಅಡ್ಡವಾಗಿ ಹಿಡಿಯಿರಿ. 3 ನಿಮ್ಮ ಬೆರಳುಗಳ ಕಡೆಗಿರುತ್ತದೆ, ಚಾವಿಯೂ ಅಲ್ಲೇ. ಬಲಗೈಯ ಹೆಬ್ಬೆಟ್ಟು ಮತ್ತು ತೋರುಬೆರಳು ತಾವಾಗಿಯೇ ಅಲ್ಲಿಗೆ ಬರುತ್ತವೆ. ಈಗ ಅದೇ ವಾಚನ್ನು ಬಲಗೈಗೆ ಕಟ್ಟಿ. ಚಾವಿ ಮೊಣಕೈ ಕಡೆಗೆ ತಿರುಗುತ್ತದೆ. ಅದನ್ನು ಹಿಡಿಯಲು ಎಡಗೈಯನ್ನು ವಾಚಿನ ಮೇಲಿಂದ ದಾಟಿಸಿ ವಕ್ರವಾಗಿ ಬಗ್ಗಿಸಬೇಕು.

ವಾಚಿನಲ್ಲಿ ಎಡ-ಬಲದ ಭೇದ ಇರುವುದು ಹೆಚ್ಚುಕಡಿಮೆ ಇದೊಂದರಲ್ಲೇ. ಬೆಲ್ಟಿಗೆ ಆ ಭೇದವಿಲ್ಲ. ಉದ್ದನೆಯ ತುಂಡು 6ರ ಕಡೆ, ಬಕಲು 12ರ ಕಡೆ. ಯಾವ ಕೈಗೆ ಕಟ್ಟಿದರೂ 6 ನಮ್ಮ ಮೈ ಕಡೆಗೇ ಬರುತ್ತದೆ, ಎಳೆದು ಬಿಗಿಯುವ ರೀತಿಯೂ ಒಂದೇ. ಮುಳ್ಳುಗಳಿಗಂತೂ ಯಾವ ಕೈಯಾದರೇನು. ತಾರೀಖಿನ ಕಿಟಕಿ ಮಾತ್ರ ಚಾವಿಯ ಜೊತೆ 3ರ ಹತ್ತಿರ ಕೂತಿರುತ್ತದೆ. ತುಂಬುತೋಳಿನ ಅಂಗಿ ಹಾಕುವವರಿಗೆ ಇದು ಗೊತ್ತಾಗುತ್ತದೆ: ಎಡಗೈಯಲ್ಲಿ ತೋಳು 9ರ ಕಡೆಯಿಂದ ವಾಚನ್ನು ಮುಚ್ಚುತ್ತಾ ಬರುತ್ತದೆ, ತಾರೀಖು ಹೊರಗೇ ಉಳಿಯುತ್ತದೆ. ಬಲಗೈಯಲ್ಲಾದರೆ ಮೊದಲು ಮರೆಯಾಗುವುದೇ ತಾರೀಖು.

ಹಾಗಾದರೆ ಚಾವಿ 3ಕ್ಕೇ ಯಾಕೆ ಬಂತು? ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು.

ಕೈಗೆ ಗಡಿಯಾರ ಕಟ್ಟುವುದು ಶುರುವಾದದ್ದು ಗಂಡಸರಿಂದಲ್ಲ. ನೇಪಲ್ಸ್ ರಾಣಿ ಕ್ಯಾರೋಲಿನ್ ಮ್ಯುರಾ 1810ರಲ್ಲಿ ಪ್ಯಾರಿಸ್ಸಿನ ಬ್ರೆಗೆ ಎಂಬ ಗಡಿಯಾರ ತಯಾರಕನಿಗೆ ಹೇಳಿ ಮಾಡಿಸಿದ್ದು ಅತ್ಯಂತ ಹಳೆಯ ಕೈಗಡಿಯಾರಗಳಲ್ಲೊಂದು. ಅದು ಕೈಗೆ ಬರುವಾಗ 1812. ಮುಂದೆ ನೂರು ವರ್ಷಗಳ ತನಕ ಯುರೋಪಿನಲ್ಲಿ ಕೈಗಡಿಯಾರ ಎಂದರೆ ಬಳೆಯ ಸಾಲಿಗೆ ಸೇರುವ ಹೆಂಗಸರ ಒಡವೆ. ಗಂಡಸರ ಗಡಿಯಾರ ಜೇಬಿನಲ್ಲಿ, ಸರಪಳಿ ಕೋಟಿನ ಗುಂಡಿಗೆ. ನಮ್ಮಲ್ಲೂ ಹಾಗೇ ಇತ್ತು. 1934ರ ಹರಿಜನ ಯಾತ್ರೆಯಲ್ಲಿ ಶಿರಸಿಗೂ ಬಂದಿದ್ದ ಗಾಂಧೀಜಿಯ ಗಡಿಯಾರ ಅವರ ಸೊಂಟದಲ್ಲಿ ತೂಗುತ್ತಿದ್ದದ್ದನ್ನು ಎಷ್ಟೋ ಫೋಟೋಗಳಲ್ಲಿ ನೋಡಿದ್ದೇವೆ.

ಜೇಬಿನ ಗಡಿಯಾರದಲ್ಲಿ ಎರಡು ಜಾತಿ. ಮುಚ್ಚಳ ಇಲ್ಲದ್ದರಲ್ಲಿ ಚಾವಿ 12ರ ಮೇಲೆ, ಸರಪಳಿ ಸಿಕ್ಕಿಸುವ ಬಳೆಯೂ ಅಲ್ಲೇ. ಗಾಜಿನ ಮೇಲೆ ಲೋಹದ ಮುಚ್ಚಳ ಇರುವುದರಲ್ಲಿ ಬಿಜಾಗರಿ 9ರ ಬದಿಗೆ, ಚಾವಿ ಅದರ ಎದುರಿಗೆ 3ರಲ್ಲಿ. ಚಾವಿ ಒತ್ತಿದರೆ ಮುಚ್ಚಳ ಬಾಗಿಲಿನಂತೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಗಡಿಯಾರವನ್ನು ಕೈಗೆ ಕಟ್ಟುವ ಪ್ರಶ್ನೆ ಬಂದಾಗ ಬೆಲ್ಟನ್ನು 12 ಮತ್ತು 6ರಲ್ಲಿ ಹಾಕಲೇಬೇಕಾಯಿತು, ಇಲ್ಲದಿದ್ದರೆ ಅಂಕಿಗಳು ಅಡ್ಡಡ್ಡ ಕಾಣುತ್ತವೆ. 12ರಲ್ಲಿ ಬೆಲ್ಟು ಕೂತ ಮೇಲೆ ಅಲ್ಲಿ ಚಾವಿಗೆ ಜಾಗವಿಲ್ಲ. ಉಳಿದದ್ದು ಎರಡು ಪಕ್ಕೆ. 3ರ ಪಕ್ಕೆಗೆ ಚಾವಿ ಇರುವ ಯಂತ್ರ ಮುಚ್ಚಳದ ಗಡಿಯಾರದಲ್ಲಿ ಮೊದಲೇ ಸಿದ್ಧವಾಗಿತ್ತು. ಬಲಗೈಯಿಂದ ತಿರುಗಿಸುವವರೇ ಬಹುಪಾಲು ಇದ್ದದ್ದರಿಂದ ಅದನ್ನು ಬದಲಿಸುವ ಅಗತ್ಯ ಯಾರಿಗೂ ಕಾಣಲಿಲ್ಲ.

ಗಂಡಸರ ಕೈಗೆ ಅದನ್ನು ಏರಿಸಿದ್ದು ವಿಮಾನ ಮತ್ತು ಯುದ್ಧ. ಬ್ರೆಜಿಲಿನ ವಿಮಾನ ಸಾಹಸಿ ಸಾಂತೋಸ್ ದ್ಯುಮೊ, ಹಾರುವಾಗ ಜೇಬಿಗೆ ಕೈ ಹಾಕಲಾಗುವುದಿಲ್ಲ ಎಂದು ದೂರಿದ್ದಕ್ಕೆ ಗೆಳೆಯ ಲೂಯಿ ಕಾರ್ಟಿಯೆ 1904ರಲ್ಲಿ ಕೈಗೆ ಕಟ್ಟುವ ಗಡಿಯಾರ ಮಾಡಿಕೊಟ್ಟ. 1914ರಿಂದ 18ರ ಮಹಾಯುದ್ಧದಲ್ಲಿ ತೋಪು ಯಾವ ನಿಮಿಷಕ್ಕೆ ನಿಲ್ಲುತ್ತದೆ, ಕಂದಕದಿಂದ ಯಾವ ನಿಮಿಷಕ್ಕೆ ಮೇಲೇಳಬೇಕು ಎನ್ನುವುದು ಬದುಕು-ಸಾವಿನ ಲೆಕ್ಕ. ಬಲಗೈ ಬಂದೂಕಿನ ಕುದುರೆಯ ಮೇಲೆ, ಎಡಗೈ ಮುಂದೆ ಬಂದೂಕಿಗೆ ಆಸರೆ. ಕಣ್ಣಿಗೆ ಸುಲಭವಾಗಿ ಬೀಳುವುದು ಎಡ ಮಣಿಕಟ್ಟೇ. ಯುದ್ಧ ಮುಗಿಸಿ ಮನೆಗೆ ಬಂದ ಸೈನಿಕರ ಕೈಯಲ್ಲಿ ವಾಚು ಉಳಿಯಿತು. ಹೆಂಗಸರ ಒಡವೆ ಎಂಬ ಮಾತು ಕೆಲವೇ ವರ್ಷಗಳಲ್ಲಿ ಮಾಯ.

ನಮ್ಮ ಕಡೆಗೆ ಈ ಅಭ್ಯಾಸ ಗಟ್ಟಿಯಾಗಿ ಬಂದದ್ದು ಎಚ್‌ಎಂಟಿಯ ಜೊತೆ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರುವಾಯಿತು. ಜನತಾ, ಪೈಲಟ್, ಸೋನಾ, ಕೋಹಿನೂರ್. ಮದುವೆಗೊಂದು, ನೌಕರಿ ಸಿಕ್ಕಾಗೊಂದು. ಇವೆಲ್ಲ ದಿನಾ ಚಾವಿ ಕೊಡಲೇಬೇಕಾದ ವಾಚುಗಳು. ಬೆಳಿಗ್ಗೆ ಚಾ ಕುಡಿದು, ರೇಡಿಯೋ ವಾರ್ತೆಯ ಹೊತ್ತಿಗೆ ಮುಳ್ಳು ಸರಿಮಾಡಿ, ಇನ್ನು ತಿರುಗುವುದಿಲ್ಲ ಎನ್ನುವ ತನಕ ಚಾವಿ ತಿರುಗಿಸುವುದು ಹಿರಿಯರ ನಿತ್ಯವಿಧಿ. ದಿನಾ ಮುಟ್ಟಬೇಕಾದ ಚಾವಿ ಬಲಗೈಗೆ ಸಿಗುವಂತಿರಬೇಕು ಎಂದಾದ ಮೇಲೆ ವಾಚು ಎಡಗೈಯಲ್ಲಲ್ಲದೆ ಇನ್ನೆಲ್ಲಿ? ಇದರಲ್ಲೊಂದು ತಮಾಷೆಯೂ ಉಂಟು. ಕೈಯಲ್ಲಿದ್ದಾಗಲೇ ಚಾವಿ ಕೊಡಬೇಡಿ ಎಂದು ರಿಪೇರಿಯವರು ಆಗಲೂ ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ. ಮಣಿಕಟ್ಟು ಅಡ್ಡ ಇರುವುದರಿಂದ ಬೆರಳು ಚಾವಿಯನ್ನು ನೇರ ತಿರುಗಿಸದೆ ಮೇಲಕ್ಕೆ ಮೀಟುತ್ತದೆ, ಒಳಗಿನ ಕೂದಲೆಳೆಯಂಥ ಸರಳು ಸೊಟ್ಟಗಾಗುತ್ತದೆ. ಬಿಚ್ಚಿಯೇ ಚಾವಿ ಕೊಡುವವರಿಗೆ ಯಾವ ಕೈಯಾದರೂ ಒಂದೇ ಆಗಬೇಕಿತ್ತು. ಆದರೆ ಅಷ್ಟು ಹೊತ್ತಿಗೆ ರೂಢಿ ಬೇರುಬಿಟ್ಟಿತ್ತು.

ಆ ಮೇಲೆ ಚಾವಿಯೇ ಬೇಡವಾಯಿತು. 1969ರ ಡಿಸೆಂಬರಿನಲ್ಲಿ ಸೈಕೋ ಕಂಪನಿ ಸೆಲ್ಲಿನಿಂದ ನಡೆಯುವ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. 1987ರಿಂದ ಟೈಟನ್ ನಮ್ಮ ಪೇಟೆಗಳಿಗೆ ಅದನ್ನೇ ತುಂಬಿಸಿತು. 2016ರಲ್ಲಿ ಎಚ್‌ಎಂಟಿಯ ವಾಚು ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಸೆಲ್ಲು ಹಾಕಿಸಿದಾಗ ಒಮ್ಮೆ, ತಾರೀಖು ತಪ್ಪಿದಾಗ ಒಮ್ಮೆ, ಇಷ್ಟಕ್ಕೇ ಚಾವಿಯ ಕೆಲಸ ಮುಗಿಯಿತು. ಮೂಲ ಕಾರಣ ಹೋಗಿದೆ, ಎಡಗೈ ಉಳಿದಿದೆ.

ಹಳೆಯ ಚಾವಿ ವಾಚನ್ನು ಇಂದಿಗೂ ಕಟ್ಟುವವರಿಗಾಗಿ ಒಂದು ಸೂಕ್ಷ್ಮ ಹೇಳಿಬಿಡುತ್ತೇನೆ, ಇದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕೈ ಇಳಿಬಿಟ್ಟು ನಡೆಯುವಾಗ ಎಡಗೈ ವಾಚಿನ ಚಾವಿ ನೆಲದ ಕಡೆ ಮುಖಮಾಡಿರುತ್ತದೆ, ಬಲಗೈ ವಾಚಿನ ಚಾವಿ ಆಕಾಶದ ಕಡೆ. ಒಳಗೆ ಅತ್ತಿಂದಿತ್ತ ಆಡುವ ಚಕ್ರದ ತೂಕ ಎಲ್ಲ ಬದಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಂಚಿರುವುದು ಅಪರೂಪ. ಹಾಗಾಗಿ ಭೂಮಿಯ ಸೆಳೆತ ಒಂದು ಭಂಗಿಯಲ್ಲಿ ಅದನ್ನು ಚೂರು ಬೇಗ ಓಡಿಸುತ್ತದೆ, ಇನ್ನೊಂದರಲ್ಲಿ ತಡೆಯುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಕ್ರೋನೋಮೀಟರ್ ಎಂಬ ಪ್ರಮಾಣಪತ್ರ ಕೊಡುವ ಮೊದಲು ಯಂತ್ರವನ್ನು 15 ದಿನ, 5 ಭಂಗಿಗಳಲ್ಲಿ, 3 ಉಷ್ಣಾಂಶಗಳಲ್ಲಿ ಇಟ್ಟು ಪರೀಕ್ಷಿಸುವುದು ಇದಕ್ಕೇ. ಅಷ್ಟಾದರೂ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗಲು ಸರಾಸರಿಯಲ್ಲಿ ರಿಯಾಯಿತಿ ಇದೆ. ನಿಮ್ಮ ಅಪ್ಪನ ಜನತಾ ವಾಚು ದಿನಾ ಸ್ವಲ್ಪ ಮುಂದೆ ಓಡುತ್ತಿದ್ದರೆ ಒಂದು ವಾರ ಕೈ ಬದಲಿಸಿ ನೋಡಿ. ರಿಪೇರಿ ಅಂಗಡಿಗೆ ಹೋಗುವ ಮೊದಲು ಖರ್ಚಿಲ್ಲದ ಪರೀಕ್ಷೆ. ಕ್ವಾರ್ಟ್ಸಿಗೆ ಈ ಭಂಗಿಯ ಲೆಕ್ಕ ತಾಗುವುದಿಲ್ಲ.

ಚಾವಿಯ ಕಾರಣ ಕಳಚಿದ ಮೇಲೆ ಉಳಿಯುವುದು ಕೆಲಸದ ಕಾರಣ. ನನ್ನ ಮಟ್ಟಿಗೆ ಇಂದು ತೂಕ ಇರುವುದು ಇದಕ್ಕೊಂದಕ್ಕೇ: ಯಾವ ಕೈ ಹೆಚ್ಚು ದುಡಿಯುತ್ತದೋ ಆ ಕೈಯನ್ನು ಖಾಲಿ ಬಿಡಬೇಕು. ಊಟವನ್ನೇ ತೆಗೆದುಕೊಳ್ಳಿ. ಹವ್ಯಕರ ಮನೆಯ ಪಂಕ್ತಿಯಲ್ಲಿ ಮಾವಿನಕಾಯಿಯ ತಿಳಿಸಾರಾದ ಅಪ್ಪೆಹುಳಿ ಬಡಿಸುತ್ತಾ ಬಂದಾಗ ಲೋಟ ಹುಡುಕುತ್ತಾ ಕೂರುವವರು ಕಡಿಮೆ. ಬಲ ಅಂಗೈ ಗುಳಿ ಮಾಡಿ ಒಡ್ಡುತ್ತಾರೆ, ಸೊರ್ರನೆ ಹೀರುತ್ತಾರೆ, ಮತ್ತೆ ಒಡ್ಡುತ್ತಾರೆ. ಬೆರಳ ಸಂದಿನಿಂದ ಇಳಿದದ್ದು ಮಣಿಕಟ್ಟಿನ ತನಕ ಬರುತ್ತದೆ. ಅಲ್ಲಿ ಚರ್ಮದ ಬೆಲ್ಟಿದ್ದರೆ ಮಾವಿನ ಹುಳಿ, ಉಪ್ಪು, ಒಗ್ಗರಣೆಯ ಎಣ್ಣೆ ಅಷ್ಟೂ ಅದಕ್ಕೆ. ನಾಲ್ಕು ಊಟಕ್ಕೆ ಬೆಲ್ಟು ಮುಗಿಯಿತು, ಎಂಜಲಿನ ಮಾತು ಬೇರೆ. ಕರಾವಳಿಯ ಮೀನು ಸಾರಿಗೂ ಇದೇ ನ್ಯಾಯ. ಕೈಯಲ್ಲಿ ಉಣ್ಣುವ ನಾಡಿನಲ್ಲಿ ಎಡಗೈಗೆ ವಾಚು ಬೇಗ ಒಗ್ಗಿದ್ದಕ್ಕೆ ಊಟವೇ ದೊಡ್ಡ ಕಾರಣ ಎಂಬುದು ನನ್ನ ಗುಮಾನಿ. ಎಡಗೈಗೂ ನೀರಿನ ಕೆಲಸ ಇದೆಯಲ್ಲ ಎಂದು ಕೇಳುವವರು ಇದ್ದಾರೆ. ಇದೆ. ಅದಕ್ಕೇ ಬಚ್ಚಲಿಗೆ ಹೋಗುವಾಗ ವಾಚು ಗೂಡಿನ ಮೇಲೆ ಬಿಚ್ಚಿಡುವ ಪದ್ಧತಿ.

ಕೆಲವು ಕೆಲಸಗಳಲ್ಲಿ ಎರಡೂ ಕೈ ಸಮನಾಗಿ ದುಡಿಯುತ್ತವೆ. ಶಿರಸಿ, ಸಿದ್ದಾಪುರದ ಕಡೆ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುವವರನ್ನು ನೋಡಿ. ಅಡಿಕೆ ಎರಡೂ ಕೈಯಲ್ಲಿ ಹೊರಳುತ್ತದೆ, ಸಿಪ್ಪೆಯ ರಸ ಬೆರಳುಗಳನ್ನು ಕಪ್ಪಾಗಿಸಿ ಮೇಲೇರುತ್ತದೆ. ಮರ ಅಪ್ಪಿ ಹತ್ತುವ ಕೊನೆಗೌಡನಿಗೆ ಯಾವ ಕೈಯ ವಾಚಾದರೂ ಮರಕ್ಕೆ ಉಜ್ಜುವುದೇ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟು ನಡೆಸುವ ತಾಂಡೇಲನ ಕೈಯಲ್ಲಿ ವಾಚಿದ್ದರೆ ಪರವಾಗಿಲ್ಲ, ಬಲೆ ಎಳೆಯುವ ಕಲಾಸಿಗಳ ಕೈಯಲ್ಲಿ ಇರಬಾರದು. ವಿಂಚಿಗೆ ಸುತ್ತುವ ಹಗ್ಗದ ಕುಣಿಕೆ ಸ್ಟೀಲಿನ ಚೈನಿಗೆ ಸಿಕ್ಕಿದರೆ ಹೋಗುವುದು ವಾಚೊಂದೇ ಅಲ್ಲ, ಕೈಯೂ ಹೋಗಬಹುದು. ಇಂಥ ಕಡೆ ಎಡವೋ ಬಲವೋ ಎನ್ನುವ ಪ್ರಶ್ನೆಗೆ ಉತ್ತರ ಜೇಬು.

ಚಾಲಕರ ಕಥೆ ಬೇರೆ. ನಮ್ಮ ವಾಹನಗಳಲ್ಲಿ ಸ್ಟೇರಿಂಗು ಬಲಕ್ಕೆ, ಗೇರು ಎಡಗೈಗೆ. ದೇವಿಮನೆ ಘಟ್ಟ ಹತ್ತುವ ಬಸ್ಸಿನ ಚಾಲಕನ ಎಡಗೈ ತಿರುವು ತಿರುವಿಗೂ ಗೇರಿನ ಮೇಲೆ ಬೀಳುತ್ತದೆ. ಅಂಗೈ ಕೆಳಗಾಗಿ ಇರುವುದರಿಂದ ಡಯಲು ಮೇಲ್ಮುಖವಾಗಿರುತ್ತದೆ, ಹೊತ್ತು ನೋಡಲು ಅನುಕೂಲ. ಎರಡೂ ಕೈ ಸ್ಟೇರಿಂಗಿನ ಮೇಲೆಯೇ ಇಡುವವರು ಕೆಲವರು ಡಯಲನ್ನು ಅಂಗೈ ಬದಿಗೆ ತಿರುಗಿಸಿ ಕಟ್ಟುತ್ತಾರೆ. ಕೈ ಎತ್ತದೆ, ತಿರುವದೆ ಮುಳ್ಳು ಕಾಣುತ್ತದೆ, ಬಿಸಿಲೂ ಹೊಳೆಯುವುದಿಲ್ಲ. ಸೈನ್ಯದವರಲ್ಲಿ ಇದು ಹಳೆಯ ರೂಢಿ. ಮೇಜಿನ ಮೇಲೆ ಕೈ ಊರಿ ಬರೆಯುವವರು ಇದನ್ನು ಅನುಕರಿಸಿದರೆ ಗಾಜು ಮೇಜಿಗೆ ಉಜ್ಜಿ ಹಾಳು. ಬೈಕಿನವರಿಗೂ ಒಂದು ಮಾತು. ಆಕ್ಸಿಲರೇಟರು ಬಲಗೈಯಲ್ಲಿರುವುದರಿಂದ ಆ ಮಣಿಕಟ್ಟು ಸದಾ ತಿರುಚಿಕೊಳ್ಳುತ್ತಿರುತ್ತದೆ, ಎಡಗೈಯೇ ಒಳ್ಳೆಯದು. ಆದರೆ ದೊಡ್ಡ ವಾಚಾದರೆ ಹ್ಯಾಂಡಲ್ ಹಿಡಿದಾಗ ಚಾವಿ ಅಂಗೈಯ ಹಿಂಭಾಗಕ್ಕೆ ಚುಚ್ಚಿ ಕುಳಿ ಬೀಳುತ್ತದೆ. ಕೆಲವು ಕಂಪನಿಗಳು ಚಾವಿಯನ್ನು 4ರ ಹತ್ತಿರಕ್ಕೆ ಇಳಿಸಿದ್ದು ಈ ಚುಚ್ಚುವಿಕೆ ತಪ್ಪಿಸಲು.

ಇನ್ನು ನಮ್ಮ ಮಳೆ ಮತ್ತು ಉಪ್ಪು. ಕೊಡೆ ಹಿಡಿದ ಎಡಗೈ ಮೇಲಕ್ಕಿದ್ದರೆ ಹನಿ ಬೆರಳಿನಿಂದ ಇಳಿದು ನೇರ ಚಾವಿಯ ಬುಡಕ್ಕೆ ಬರುತ್ತದೆ, ವಾಚಿನೊಳಗೆ ನೀರು ನುಗ್ಗುವ ಮುಖ್ಯ ದಾರಿಗಳಲ್ಲಿ ಅದೊಂದು. ಕೊಡೆ ಇಲ್ಲದೆ ಕೈ ಇಳಿಬಿಟ್ಟವರಿಗೆ ನೀರು ಮೊಣಕೈಯಿಂದ ಬರುತ್ತದೆ, ಆಗ ಬಲಗೈ ವಾಚಿನ ಚಾವಿಗೆ ಆಪತ್ತು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಕರಾವಳಿಯಲ್ಲಿ ಕೈ ಬದಲಿಸಿ ಇದರಿಂದ ಪಾರಾಗಲು ಹೋಗಬೇಡಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ ಜೇಬಿಗಿಳಿಸಿ. ವಾಚಿನ ಬೆನ್ನ ಮೇಲೆ 30 ಮೀಟರ್ ಎಂದು ಬರೆದಿದ್ದರೆ 30 ಮೀಟರ್ ಆಳಕ್ಕೆ ಮುಳುಗಬಹುದು ಎಂದಲ್ಲ. ಕೈ ತೊಳೆಯುವಾಗ ಸಿಡಿಯುವ ಹನಿಗೆ ಸಾಲುತ್ತದೆ, ಅಷ್ಟೇ. ಮುರ್ಡೇಶ್ವರದಿಂದ ನೇತ್ರಾಣಿಗೆ ಮುಳುಗಲು ಹೋಗುವವರು ಕಟ್ಟುವ ವಾಚೇ ಬೇರೆ, ಅದರ ಚಾವಿ ತಿರುಪಿನಂತೆ ಒಳಕ್ಕೆ ಬಿಗಿಯುತ್ತದೆ.

ಉಪ್ಪಿನ ಕೆಲಸ ನಿಧಾನದ್ದು. ಸಾಣಿಕಟ್ಟೆಯ ಉಪ್ಪಿನಾಗರದಲ್ಲೋ ಅಘನಾಶಿನಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪು ಹೆಕ್ಕುವಲ್ಲೋ ದುಡಿಯುವವರ ವಾಚಿಗೆ ಬೆವರಿನ ಉಪ್ಪು, ಗಾಳಿಯ ಉಪ್ಪು ಎರಡೂ. ಹಿತ್ತಾಳೆಯ ಮೇಲೆ ಲೋಹದ ಲೇಪ ಕೊಟ್ಟ ಅಗ್ಗದ ಕವಚವಾದರೆ ಚರ್ಮಕ್ಕೆ ತಾಗುವ ಅಂಚಿನಲ್ಲಿ ಲೇಪ ಏಳುತ್ತದೆ, ಹಸಿರು ಕಿಲುಬು ಕಾಣುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲೂ 316ಎಲ್ ಎಂಬ ಬಗೆಯಲ್ಲಿ ಮಾಲಿಬ್ಡಿನಮ್ ಬೆರೆತಿರುವುದರಿಂದ ಅದು ಉಪ್ಪಿಗೆ ಹೆಚ್ಚು ತಡೆಯುತ್ತದೆ. ಬೆಲ್ಟಿನ ಅಡಿಯ ಚರ್ಮ ಕೆಂಪಾಗಿ ತುರಿಸುತ್ತಿದ್ದರೆ ಎರಡು ಸಾಧ್ಯತೆ: ಬೆವರು ಕಟ್ಟಿ ನಿಂತು ಚರ್ಮ ಕೆಟ್ಟಿರಬಹುದು, ಇಲ್ಲವೇ ಲೋಹದಲ್ಲಿರುವ ನಿಕ್ಕಲ್ ಒಗ್ಗದಿರಬಹುದು. ಮೊದಲನೆಯದಕ್ಕೆ ದಿನ ಬಿಟ್ಟು ದಿನ ಕೈ ಬದಲಿಸುವುದು ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಮಣಿಕಟ್ಟು ಆರುತ್ತದೆ. ಎರಡನೆಯದಕ್ಕೆ ಕೈ ಬದಲಿಸಿದರೆ ಎರಡೂ ಕೈಗೆ ತುರಿಕೆ. ಅಲ್ಲಿ ವಾಚನ್ನೇ ಬದಲಿಸಬೇಕು.

ಗಂಡು-ಹೆಣ್ಣಿನ ಲೆಕ್ಕಕ್ಕೆ ಬರೋಣ. “ತಮಾ, ಗಂಡುಮಕ್ಕ ಎಡಗೈಗೇ ಕಟ್ಟವು” ಎಂದು ಅಮ್ಮಮ್ಮ ಹೇಳಿದರೆ ಎದುರು ಮಾತಾಡುವುದು ಕಷ್ಟ. ಆದರೆ ಕೈಗಡಿಯಾರ ಸಾಮಾನ್ಯರ ಕೈಗೆ ಬಂದು ನೂರು ವರ್ಷ ಆಗಿದೆಯಷ್ಟೆ, ಅದರ ಬಗ್ಗೆ ಹಳೆಯ ಶಾಸ್ತ್ರ ಇರಲು ಸಾಧ್ಯವೇ ಇಲ್ಲ. ನಾಡಿ ನೋಡುವ ವೈದ್ಯರು ಗಂಡಸರ ಬಲಗೈ, ಹೆಂಗಸರ ಎಡಗೈ ಹಿಡಿಯುವ ಸಂಪ್ರದಾಯ ಇದೆ, ಕೈರೇಖೆ ನೋಡುವವರದ್ದೂ ಅದೇ. ಗಂಡಿಗೊಂದು ಕೈ, ಹೆಣ್ಣಿಗೊಂದು ಕೈ ಎಂಬ ಮಾತು ಬಹುಶಃ ಅಲ್ಲಿಂದ ಹರಿದು, ಎಡ-ಬಲ ಅದಲುಬದಲಾಗಿಯಾದರೂ ವಾಚಿಗೂ ಅಂಟಿಕೊಂಡಿದೆ. ಹೃದಯದ ಮಾತಂತೂ ಹುರುಳಿಲ್ಲದ್ದು. ಎರಡೂ ಮಣಿಕಟ್ಟಿನ ನಾಡಿ ಒಂದೇ ಎಣಿಕೆಯಲ್ಲಿ ಬಡಿಯುತ್ತದೆ. ಹೆಂಗಸರಿಗೆ ನಿಜವಾದ ಪ್ರಶ್ನೆ ಬಳೆ. ವಾಚಿನ ಸಾಮಾನ್ಯ ಗಾಜಿಗೆ ಬಂಗಾರದ ಬಳೆಯಿಂದ ಗೀರು ಬೀಳುವುದಿಲ್ಲ, ಆದರೆ ಹರಳಿನ ಬಳೆಯಿಂದ ಬೀಳಬಹುದು. ಕಾರವಾರದ ಕಡಲ ದಂಡೆಯ ಮರಳಂತೂ ಗಾಜಿಗಿಂತ ಗಟ್ಟಿ, ಅದು ಬಳೆಗೂ ಗಾಜಿಗೂ ನಡುವೆ ಸಿಕ್ಕಿದರೆ ಗೀರು ಖಂಡಿತ. ಬಳೆ ಒಂದು ಕೈಗೆ, ವಾಚು ಇನ್ನೊಂದಕ್ಕೆ ಎಂದು ಹಂಚಿದ ಹೆಂಗಸರಲ್ಲಿ ಹಲವರು ವಾಚನ್ನು ಬಲಗೈಗೆ ಕಟ್ಟಿದ್ದು ಈ ಲೆಕ್ಕದಿಂದ. ಅದನ್ನೇ ಮುಂದಿನವರು ನಿಯಮ ಮಾಡಿದರು.

ಎಡಚರಿಗೆ ಮೇಲೆ ಹೇಳಿದ್ದೆಲ್ಲ ಕನ್ನಡಿಯಲ್ಲಿ ನೋಡಿದಂತೆ. ನೂರರಲ್ಲಿ ಸುಮಾರು ಹತ್ತು ಜನ ಎಡಗೈಯಲ್ಲಿ ಬರೆಯುವವರು, ಅವರಿಗೆ ಬಲಗೈಯೇ ಸರಿ. ಚಾವಿಯನ್ನು 9ರ ಬದಿಗೆ ಇಟ್ಟ ವಾಚುಗಳೂ ಬಂದಿವೆ. ಟ್ಯೂಡರ್ 2016ರಲ್ಲಿ, ರೋಲೆಕ್ಸ್ 2022ರಲ್ಲಿ ಅಂಥದ್ದನ್ನು ತಂದವು, ಆದರೆ ಅವುಗಳ ಬೆಲೆ ನಮ್ಮ ನಿಮ್ಮ ಮಾತಲ್ಲ. ಹೈಸ್ಕೂಲಿಗೆ ಹೋಗುವ ಎಡಚ ಮಗುವಿಗೆ ಅದರ ಅಗತ್ಯವೂ ಇಲ್ಲ. ಮಾಮೂಲಿ ಕ್ವಾರ್ಟ್ಸ್ ವಾಚನ್ನು ಬಲಗೈಗೆ ಕಟ್ಟಿದರೆ ಆಯಿತು. ಚಾವಿ ಮೊಣಕೈ ಕಡೆ ತಿರುಗುವುದರಿಂದ ಕೈಗೆ ಚುಚ್ಚುವುದಿಲ್ಲ, ಅದೊಂದು ಲಾಭವೇ.

ಸ್ಮಾರ್ಟ್ ವಾಚಿನಲ್ಲಿ ಈ ಪ್ರಶ್ನೆ ಹೊಸ ವೇಷದಲ್ಲಿ ಮರಳಿದೆ. ಮೊದಲ ಸಲ ಚಾಲೂ ಮಾಡುವಾಗಲೇ ಹಲವು ವಾಚುಗಳು ಎಡವೋ ಬಲವೋ ಎಂದು ಕೇಳುತ್ತವೆ. ಅವು ಕೈಯ ಅಲುಗಾಟ ಅಳೆದು ಹೆಜ್ಜೆ ಎಣಿಸುತ್ತವೆ. ದುಡಿಯುವ ಕೈಗೆ ಕಟ್ಟಿದರೆ ಮಜ್ಜಿಗೆ ಕಡೆದದ್ದು, ಕಾಯಿ ತುರಿದದ್ದೂ ಹೆಜ್ಜೆಯಾಗಿ ಸೇರಿ, ಅಡಿಗೆಮನೆಯಲ್ಲೇ ಕುಮಟಾ ತನಕ ನಡೆದ ಲೆಕ್ಕ ಬರಬಹುದು. ಕಡಿಮೆ ಕೆಲಸದ ಕೈ ಇದಕ್ಕೂ ಒಳ್ಳೆಯದು. ಇಸಿಜಿ ತೆಗೆಯುವ ವಾಚಾದರೆ ಇನ್ನೂ ಎಚ್ಚರ ಬೇಕು. ಒಂದು ಮಣಿಕಟ್ಟಿನಿಂದ ಇನ್ನೊಂದು ಕೈಯ ಬೆರಳಿಗೆ, ಅಂದರೆ ಹೃದಯದ ಅತ್ತಿತ್ತ, ವಿದ್ಯುತ್ತಿನ ಅಂತರವನ್ನು ಅದು ಅಳೆಯುತ್ತದೆ. ಎಡಗೈ ಎಂದು ನಮೂದಿಸಿ ಬಲಗೈಗೆ ಕಟ್ಟಿಕೊಂಡರೆ ಅಲೆಗಳು ತಲೆಕೆಳಗಾಗಿ ಮೂಡುತ್ತವೆ, ಅದನ್ನು ವೈದ್ಯರಿಗೆ ಕಳಿಸಿ ಅವರನ್ನೂ ಗಾಬರಿ ಮಾಡಬೇಡಿ.

ಯಾವ ವಾದಕ್ಕೂ ಆಸ್ಪದವಿಲ್ಲದ ಸಂದರ್ಭ ಒಂದಿದೆ. ಡಯಾಲಿಸಿಸ್‌ಗಾಗಿ ತೋಳಿನಲ್ಲಿ ರಕ್ತನಾಳ ಜೋಡಿಸಿಕೊಂಡವರು, ಅಂದರೆ ಫಿಸ್ಟುಲಾ ಮಾಡಿಸಿಕೊಂಡವರು, ಆ ಕೈಗೆ ಬಿಗಿಯಾದ ಏನನ್ನೂ ಕಟ್ಟಬಾರದು. ವಾಚು, ಬಿಗಿ ಬಳೆ, ಬಿಪಿ ನೋಡುವ ಪಟ್ಟಿ ಯಾವುದೂ ಬೇಡ. ಒತ್ತಿದರೆ ರಕ್ತದ ಹರಿವು ನಿಂತು ನಾಳ ಮುಚ್ಚಿಹೋಗಬಹುದು. ಫಿಸ್ಟುಲಾವನ್ನು ಸಾಮಾನ್ಯವಾಗಿ ಕಡಿಮೆ ಕೆಲಸದ ಕೈಗೇ ಮಾಡುತ್ತಾರೆ, ಹೆಚ್ಚಿನವರಿಗೆ ಅದು ಎಡಗೈ. ವಾಚು ಬೇಕೇ ಬೇಕು ಎಂದಾದರೆ ಅವರು ಬಲಗೈಗೆ ಕಟ್ಟಿಕೊಳ್ಳಲಿ, ಊಟಕ್ಕೆ ಕೂರುವಾಗ ಬಿಚ್ಚಿಡಲಿ.